ಉಪವಾಸದ ದಿನದ ಮಾತ್ರೆ

ಕಳೆದ ವಾರ ಜಯನಗರದಲ್ಲಿ ಲೈನಿಂಗ್ ಬಟ್ಟೆ ಕೊಂಡು, ಬಸ್ ಸ್ಟಾಪಿನ ಕಡೆ ಅಡ್ಡರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಜಿಟಿಜಿಟಿ ಮಳೆ. ಯಾರದೋ ಮನೆಯ ಅಡುಗೆಮನೆ ಕಿಟಕಿಯಿಂದ ಸಬ್ಬಕ್ಕಿ ಒಗ್ಗರಣೆಯ ಘಮ ಬಂತು. ತುಪ್ಪದಲ್ಲಿ ಜೀರಿಗೆ ಚಟಪಟ ಅಂದು, ಹಸಿಮೆಣಸಿನಕಾಯಿ ಬಿದ್ದು, ಕಡಲೆಕಾಯಿಬೀಜದ ಪುಡಿ ಸೇರುವಾಗ ಬರುತ್ತದಲ್ಲ, ಅದೇ ಘಮ. ಬೇರೆಯವರಿಗೆ ಬಾಯಲ್ಲಿ ನೀರು ಬರುತ್ತದೆ, ನನಗೆ ಕಣ್ಣಲ್ಲಿ ಬಂತು. ಕೊಡೆ ಹಿಡಿದುಕೊಂಡು ಆ ಕಿಟಕಿಯ ಕೆಳಗೇ ನಿಂತುಬಿಟ್ಟೆ. ಒಳಗಿನಿಂದ ಒಬ್ಬ ಹೆಂಗಸು ಇಣುಕಿ, "ಯಾರ್ ಬೇಕಿತ್ತು ಮೇಡಂ?" ಎಂದರು. ಏನಂತ ಹೇಳಲಿ? "ಏನಿಲ್ಲ ಅಕ್ಕ, ಸಬ್ಬಕ್ಕಿ ವಾಸ್ನೆ" ಎಂದು ಪೆಚ್ಚುಪೆಚ್ಚಾಗಿ ನಕ್ಕು ಮುಂದೆ ನಡೆದೆ.

ಆ ಘಮ ನನ್ನ ಪಾಲಿಗೆ ಒಂದೇ ಒಂದು ಮಳೆಗಾಲದ್ದು. ಕೆಲವು ವರ್ಷಗಳ ಹಿಂದಿನದು. ಶ್ರಾವಣದಲ್ಲಿ ಹಿಡಿದ ಮಳೆ ಕಾರ್ತಿಕ ಬಂದರೂ ಬಿಟ್ಟಿರಲಿಲ್ಲ. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಆ ಮಳೆಗಾಲದಲ್ಲೇ ನಮ್ಮತ್ತೆ ಇದ್ದಕ್ಕಿದ್ದಂತೆ ಮಹಾ ದೈವಭಕ್ತೆಯಾಗಿಬಿಟ್ಟರು.

ನಮ್ಮದು ಬನಶಂಕರಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗಡೆ ಮನೆಯ ಓನರ್ ಪದ್ಮಾ ಆಂಟಿ. ನನ್ನ ಗಂಡ ಮಹೇಶ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೂಪರ್‌ವೈಸರ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕಸುಬಾದ್ದರಿಂದ ಜನರ ಹೆಸರು ಮರೆತರೂ ಅಳತೆ ಮರೆಯುವುದಿಲ್ಲ. ದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮೊದಲು ಅವರ ತೋಳಿನ ಸುತ್ತಳತೆ ನೆನಪಾಗಿ, ಆಮೇಲೆ ಹೆಸರು ಹೊಳೆಯುತ್ತದೆ.

ಅತ್ತೆಯ ಹೆಸರು ನಂಜಮ್ಮ. ತಿಪಟೂರು ಕಡೆಯವರು. ಊಟದ ವಿಷಯದಲ್ಲಿ ಅವರಷ್ಟು ಪ್ರಾಮಾಣಿಕರನ್ನು ನಾನು ಕಂಡಿಲ್ಲ. ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ ಕರಗುವ ತನಕ ಕಾಯುವ ತಾಳ್ಮೆಯೂ ಅವರಿಗಿರಲಿಲ್ಲ. "ಶಿವ ಹೊಟ್ಟೆ ಕೊಟ್ಟಿರೋದು ಖಾಲಿ ಇಟ್ಕೊಳ್ಳೋಕಲ್ಲ ಕಣೆ ಗಿರಿಜಾ" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಶಿವರಾತ್ರಿಗೆ ಉಪವಾಸ ಇರುತ್ತಿದ್ದರು. ಅದೂ ತಂಬಿಟ್ಟು, ರಸಾಯನಗಳ ಬಲವಾದ ಬೆಂಬಲದಿಂದ.

ಆದರೆ ಪೂಜೆಯಲ್ಲಿ ಬಲು ಕಟ್ಟುನಿಟ್ಟು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಪಕ್ಕದಲ್ಲಿ ಒಂದು ಪುಟ್ಟ ಸ್ಟೀಲ್ ತಟ್ಟೆ. ಅದರಲ್ಲಿ ಎರಡು ಒಣದ್ರಾಕ್ಷಿಯೋ ಒಂದು ಚೂರು ಬಾಳೆಹಣ್ಣೋ ಇರುತ್ತಿತ್ತು. ಅದನ್ನು ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ. ಬಾಯಿಗೆ ಹಾಕಿಕೊಂಡು, ತಟ್ಟೆಗೆ ನೀರು ಹೊಯ್ದು, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದರು. ಪ್ರಸಾದವನ್ನು ಬೇಡ ಅನ್ನುವ ಹಾಗಿಲ್ಲ, ಒಂದು ಅಗುಳು ಪೋಲು ಮಾಡುವ ಹಾಗಿಲ್ಲ. ಶಿವರಾತ್ರಿಯ ದಿನವೂ ಇದು ತಪ್ಪುತ್ತಿರಲಿಲ್ಲ. "ಉಪವಾಸ ಅಲ್ವಾ ಅತ್ತೆ?" ಎಂದು ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದಕ್ಕೆ, "ಉಪವಾಸ ನಮಗೆ, ಪ್ರಸಾದಕ್ಕಲ್ಲ" ಎಂದಿದ್ದರು.

ಆ ಮಳೆಗಾಲಕ್ಕೆ ಒಂದು ವರ್ಷ ಮುಂಚೆ ನನ್ನ ಕೈ ಕೆಟ್ಟಿತ್ತು. ಬೆಳಿಗ್ಗೆ ಎದ್ದರೆ ಬೆರಳುಗಳು ಮಡಚುತ್ತಿರಲಿಲ್ಲ. ಗೆಣ್ಣುಗಳು ಊದಿ ಕೆಂಪಗಾಗಿರುತ್ತಿದ್ದವು. ಕೀಲುವಾತ ಎಂದರು ನಮ್ಮ ಮನೆಯವರನ್ನೆಲ್ಲ ನೋಡುವ ಜಯನಗರದ ಡಾಕ್ಟರ್ ಮೇಡಂ. ಪೂರ್ತಿ ಹೋಗುವ ಕಾಯಿಲೆಯಲ್ಲ, ಮಾತ್ರೆಯಿಂದ ಹತೋಟಿಯಲ್ಲಿ ಇಡಬಹುದು ಎಂದರು. ಮೊದಲು ಬರೆದುಕೊಟ್ಟ ಮಾತ್ರೆ ಅಗ್ಗದ್ದೇ. ಆದರೆ ಅದು ನನ್ನ ಲಿವರಿಗೆ ಒಗ್ಗಲಿಲ್ಲ. ನಿಲ್ಲಿಸಿಬಿಟ್ಟರು. ನಡುವಿನ ಆ ಕೆಲವು ತಿಂಗಳು ನನ್ನ ಕೈಯಿಂದ ಒಂದು ಹುಕ್ ಹಾಕಲೂ ಆಗುತ್ತಿರಲಿಲ್ಲ. ನೋವಿನ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಒತ್ತಿ ತೆಗೆಯುವುದಕ್ಕೂ ಬೆರಳಿನಲ್ಲಿ ಬಲವಿಲ್ಲ. ಅತ್ತೆಯೇ ಒತ್ತಿ ತೆಗೆದು ನನ್ನ ಅಂಗೈ ಮೇಲೆ ಇಡುತ್ತಿದ್ದರು. ಮಿಷನ್ನಿನ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ದೆ.

ಶ್ರಾವಣದ ಹೊತ್ತಿಗೆ ಮೇಡಂ ಒಂದು ಹೊಸ ಮಾತ್ರೆ ಬರೆದರು. ಅದು ನನಗೆ ಹತ್ತಿತು. ಸ್ವಲ್ಪ ದಿನಕ್ಕೆಲ್ಲ ಬೆಳಗಿನ ಬಿಗಿತ ಸಡಿಲಾಯಿತು. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿದೆ. ಅತ್ತೆಗೆ ತೋರಿಸಿದರೆ ಅವರು ಸೂಜಿಯನ್ನು ಬೆಳಕಿಗೆ ಹಿಡಿದು, ದಾರ ನಿಜವಾಗಿಯೂ ಒಳಗೆ ಹೋಗಿದೆಯಾ ಎಂದು ಎರಡೆರಡು ಸಲ ನೋಡಿದರು.

ಆದರೆ ಅದರ ಬೆಲೆ! ಮನೆ ಬಾಡಿಗೆಗೆ ಸವಾಲು ಹಾಕುವಂಥದ್ದು. ಅದು ಸಾಲದು ಅಂತ ಪ್ರತಿ ಸಲ ಹೊಸ ಸ್ಟಾಕ್ ಬಂದಾಗಲೂ ಸ್ಟ್ರಿಪ್ಪಿನ ಹಿಂದಿನ ಅಂಕಿ ಏರಿರುತ್ತಿತ್ತು. ಅತ್ತೆಯ ಮಾತ್ರೆಗಳೂ ಹಾಗೆಯೇ. ಅವರಿಗೆ ಹಾರ್ಟಿನದು, ಬಿಪಿಯದು, ಕಾಲಿಗೆ ನೀರು ತುಂಬದಿರಲು ಒಂದು, ಶುಗರಿಗೆ ಒಂದು. ಮಹೇಶ ಭಾನುವಾರವೂ ಪ್ರೆಸ್ಸಿಗೆ ಹೋಗತೊಡಗಿದ. ಕೆಟ್ಟು ನಿಂತ ಸ್ಕೂಟರನ್ನು ರಿಪೇರಿ ಮಾಡಿಸದೆ ಬಸ್ಸಿನಲ್ಲಿ ಓಡಾಡಿದ. ಒಂದು ದಿನವೂ ಗೊಣಗಲಿಲ್ಲ ಪುಣ್ಯಾತ್ಮ. ತಿಂಗಳ ಮಾತ್ರೆ ತರುವ ಕೆಲಸ ಮಾತ್ರ ಮೊದಲಿನಿಂದಲೂ ಅತ್ತೆಯದು. ರಸ್ತೆ ಕೊನೆಯ ಮೆಡಿಕಲ್ ಸ್ಟೋರಿನ ಮಂಜಣ್ಣ ಅವರಿಗೆ ಸ್ಟೂಲ್ ಹಾಕಿ ಕೂರಿಸಿ ಮಾತಾಡಿಸುತ್ತಿದ್ದರು. ಅದು ಅತ್ತೆಗೆ ಸಿನಿಮಾಕ್ಕೆ ಹೋಗಿಬಂದಷ್ಟು ಖುಷಿ.

ಭಕ್ತಿ ಶುರುವಾಗಿದ್ದು ಆಗಲೇ. ಮೊದಲು ಶ್ರಾವಣ ಸೋಮವಾರ. ಅದೇನು ವಿಶೇಷವಲ್ಲ, ನಮ್ಮಲ್ಲಿ ತುಂಬ ಜನ ಮಾಡುತ್ತಾರೆ. ಆಮೇಲೆ ಶುಕ್ರವಾರ ಸೇರಿತು, ಅಮ್ಮನವರಿಗೆ. ಆಮೇಲೆ ಪ್ರದೋಷ. ಗಣಪತಿ ಹಬ್ಬ ಮುಗಿದ ಮೇಲೆ ಸಂಕಷ್ಟಿ. ಶ್ರಾವಣ ಹೋದರೂ ಸೋಮವಾರ ಹೋಗಲಿಲ್ಲ. ಹಗಲೆಲ್ಲ ಏನೂ ಇಲ್ಲ, ಸಂಜೆ ಒಂದು ಬಟ್ಟಲು ಸಬ್ಬಕ್ಕಿ ಉಪ್ಪಿಟ್ಟು. ನಮಗೂ ಮಾಡಿಡುತ್ತಿದ್ದರು. ರುಚಿ ಸೊಗಸಾಗಿರುತ್ತಿತ್ತು, ನಾವೂ ಸೊಗಸಾಗಿ ತಿಂದೆವು. ಮಹೇಶನಿಗಂತೂ ಹೆಮ್ಮೆಯೋ ಹೆಮ್ಮೆ. "ನಮ್ಮಮ್ಮ ಶರಣೆ ಆಗೋಗಿದಾರೆ" ಎಂದು ಫೋನಿನಲ್ಲಿ ನೆಂಟರಿಗೆಲ್ಲ ಹೇಳಿದ. ನನಗೂ ಒಳಗೊಳಗೇ ಸಂತೋಷ. ನನ್ನ ಕೈಗೋಸ್ಕರ ದೇವರಲ್ಲಿ ಬೇಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಿತ್ತು.

ದೀಪಾವಳಿ ಹತ್ತಿರ ಬಂತು. ಮಿಷನ್ನಿನ ಮೇಲಿನ ಬೆಡ್‌ಶೀಟ್ ತೆಗೆದೆ. ಮೊದಲ ಹೊಲಿಗೆ ಗಿರಾಕಿಗಳದ್ದಲ್ಲ, ಅತ್ತೆಯದೇ ಆಗಬೇಕು ಎಂದು ನಿರ್ಧಾರ ಮಾಡಿದ್ದೆ. ಹಸಿರು ಬಣ್ಣದ ಬ್ಲೌಸ್ ಪೀಸ್ ತಂದು, ನನ್ನ ಬಾಯಿಪಾಠದ ಅಳತೆಯಲ್ಲೇ ಕತ್ತರಿಸಿ, ಎರಡು ದಿನ ನಿಧಾನವಾಗಿ ಹೊಲಿದೆ. ಹುಕ್ಕುಗಳನ್ನು ನನ್ನ ಕೈಯಿಂದಲೇ ಹಾಕಿದೆ. ಅತ್ತೆ ತೊಟ್ಟು ಕನ್ನಡಿಯ ಮುಂದೆ ನಿಂತರು. ಭುಜ ಜಾರಿ ಕೆಳಗೆ ಬಂತು. ತೋಳಿನೊಳಗೆ ನನ್ನ ಎರಡು ಬೆರಳು ಸಲೀಸಾಗಿ ಹೋದವು.

"ನಿನ್ ಅಳತೆ ತಪ್ಪೋಗಿದೆ ಬಿಡು, ಬಹಳ ದಿನ ಆಯ್ತಲ್ಲ ಹೊಲಿದು" ಎಂದರು ಅತ್ತೆ.

ನನ್ನ ಅಳತೆ ತಪ್ಪಿರಲಿಲ್ಲ. ಬಗ್ಗಿ ನೆರಿಗೆ ಸರಿಮಾಡುವಾಗ ಅವರ ಪಾದಗಳು ಕಂಡವು. ಮೇಲೆ ಇಷ್ಟು ಸೊರಗಿದ ಮೈ, ಕೆಳಗೆ ಚಪ್ಪಲಿಯ ಪಟ್ಟಿ ಅಚ್ಚೊತ್ತುವಷ್ಟು ಊದಿದ ಪಾದ. ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು, ಹಾಗೇ ನಿಂತಿತು. "ಮಳೆ ಥಂಡಿಗೆ ಕಣೆ" ಎಂದರು.

ಕೆಳಗೆ ಹೋಗಿ ಪದ್ಮಾ ಆಂಟಿಯ ಹತ್ತಿರ ಹೇಳಿಕೊಂಡೆ. ಅವರು ಆಚಾರವಂತ ವೈಷ್ಣವರು. ಉಪವಾಸದ ವಿಷಯದಲ್ಲಿ ಅವರನ್ನು ಬಿಟ್ಟರೆ ನಮ್ಮ ಬೀದಿಯಲ್ಲಿ ಬೇರೆ ಕೋರ್ಟಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಾನೇ ಕೇಳ್ಬೇಕು ಅನ್ಕೊಂಡಿದ್ದೆ ಗಿರಿಜಾ. ನಿಮ್ಮತ್ತೆ ಬಂದು, ಏಕಾದಶಿ ಯಾವತ್ತು ಪದ್ಮಮ್ಮ ಅಂತ ಕೇಳ್ಕೊಂಡ್ ಹೋಗ್ತಾರೆ. ನಿಮ್ಮಲ್ಲಿ ಏಕಾದಶಿ ಯಾವಾಗಿಂದ ಬಂತು?"

"ಏಕಾದಶಿನಾ? ನನ್ ಹತ್ರ ಹಸಿವಿಲ್ಲ ಅಂತಷ್ಟೇ ಅಂತಿದ್ರು."

"ಹೂಂ. ತಿಂಗಳಿಗೆ ಎರಡೂ ಮಾಡ್ತಿದಾರೆ. ಅವತ್ತು ಸಬ್ಬಕ್ಕಿನೂ ಮುಟ್ಟಲ್ಲ. ಮಾತ್ರೆ ತಗೊಂಡ್ರಾ ನಂಜಮ್ಮ ಅಂದ್ರೆ, ಊಟ ಆದ್ಮೇಲೆ ಅಂತ ಡಾಕ್ಟ್ರು ಹೇಳಿದಾರೆ, ಊಟನೇ ಇಲ್ವಲ್ಲ ಅಂದ್ರು. ನಾನೇ ನಿರ್ಜಲ ಇದ್ದಾಗ್ಲೂ ಮಾತ್ರೆ ಬಿಡಲ್ಲ ಕಣಮ್ಮ. ಔಷಧಿಗೆ ಯಾವ ದೋಷಾನೂ ಇಲ್ಲ."

ಶಿವನನ್ನು ಬಿಟ್ಟರೆ ಬೇರೆ ದೇವರ ಹೆಸರು ಹೇಳಲೂ ನಮ್ಮತ್ತೆ ಸ್ವಲ್ಪ ಯೋಚನೆ ಮಾಡುವವರು. ಅವರು ಏಕಾದಶಿ ಹಿಡಿದರೆಂದರೆ ಭಕ್ತಿಯ ದಾರಿ ಎಲ್ಲೋ ತಪ್ಪಿದೆ. ಮಳೆಯಲ್ಲೇ ಮೆಡಿಕಲ್ ಸ್ಟೋರಿಗೆ ಹೋದೆ. ಮಂಜಣ್ಣ ಕಪಾಟು ಜೋಡಿಸುತ್ತಿದ್ದರು.

"ಮಂಜಣ್ಣ, ನಮ್ಮತ್ತೆ ಮಾತ್ರೆ ತಿಂಗಳು ತಿಂಗಳೂ ಪೂರ್ತಿ ತಗೊಂಡು ಹೋಗ್ತಿದಾರಾ?"

"ಇಲ್ವಲ್ಲಮ್ಮ. ನಿಮ್ದು ಪೂರ್ತಿ ಕೊಡ್ತೀನಿ. ಅಮ್ಮಂದು ಅರ್ಧ. ವ್ರತ ಇರೋದ್ರಿಂದ ಡಾಕ್ಟ್ರೇ ಕಮ್ಮಿ ಮಾಡಿದಾರೆ ಅಂದ್ರು ಅಮ್ಮ. ಯಾಕಮ್ಮ, ಏನಾಯ್ತು?"

ಆಮೇಲೆ ಹೇಳ್ತೀನಿ ಎಂದು ಹೊರಟುಬಿಟ್ಟೆ. ಮನೆಗೆ ಬಂದರೆ ಅತ್ತೆ ಒಲೆಯ ಮುಂದೆ ನಿಂತು ಸಬ್ಬಕ್ಕಿ ಕೆದಕುತ್ತಿದ್ದರು. ಆ ಘಮ ಮೆಟ್ಟಿಲ ತನಕ ಬರುತ್ತಿತ್ತು. ಸ್ಟವ್ ಆರಿಸಿದೆ.

"ಯಾಕತ್ತೆ ಹೀಗ್ ಮಾಡಿದ್ರಿ?"

ಅವರಿಗೆ ಅರ್ಥವಾಯಿತು. ನಟಿಸಲು ಹೋಗಲಿಲ್ಲ. ಸೌಟನ್ನು ತೊಳೆದು, ಅದರ ಜಾಗದಲ್ಲಿ ನೇತುಹಾಕಿ, ಕೈ ಒರೆಸಿಕೊಂಡು, ಆಮೇಲೆ ಮಾತಾಡಿದರು.

"ಮಂಜಣ್ಣ ರೇಟ್ ಹೇಳ್ದಾಗೆಲ್ಲ ಮಹೇಶನ ಮುಖ ನೆನಪಾಗೋದು. ಯಾವ್ದಾದ್ರೂ ಒಂದು ಕಮ್ಮಿ ಆಗ್ಬೇಕಿತ್ತು. ನಿಂದು ನಿಲ್ಸಿದ್ರೆ ನಿನ್ ಕೈ ಹೋಗುತ್ತೆ. ನಂದೇನು, ಈ ಹಾರ್ಟ್ ಎಪ್ಪತ್ತು ವರ್ಷ ಓಡಿದೆ, ಅಭ್ಯಾಸಬಲದಲ್ಲಿ ಇನ್ನೊಂದಷ್ಟು ಓಡುತ್ತೆ. ಸುಮ್ಸುಮ್ನೆ ಮಾತ್ರೆ ಬಿಟ್ರೆ ನೀವು ಬೈತೀರ. ಉಪವಾಸ ಅಂದ್ರೆ ಯಾರೂ ಏನೂ ಅನ್ನಲ್ಲ."

"ಅಂದ್ರೆ ದೇವರ ಹೆಸರಲ್ಲಿ ಸುಳ್ಳು!"

ಆಗ ಅವರಿಗೆ ಸಿಟ್ಟು ಬಂತು. "ಸುಳ್ಳು ಹೆಂಗಾಗುತ್ತೆ? ಊಟ ಬಿಟ್ಟಿದ್ದು ನಿಜ ತಾನೆ? ನನ್ ಸೊಸೆ ಕೈ ಪೂರ್ತಿ ವಾಸಿ ಆಗೋವರೆಗೂ ಬಿಡಲ್ಲ ಅಂತ ಶಿವನಿಗೆ ಹೇಳಿದೀನಿ. ಕೊಟ್ಟ ಮಾತು ಕಣೆ ಅದು."

ಪೂರ್ತಿ ವಾಸಿಯಾಗುವ ಕಾಯಿಲೆಯೇ ಅಲ್ಲ ನನ್ನದು. ಹಾಗಾದರೆ ಅತ್ತೆಯ ಉಪವಾಸಕ್ಕೆ ಕೊನೆಯೇ ಇಲ್ಲ. ಇದು ಹೊಳೆದಾಗ ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಹೆತ್ತ ತಾಯಿ ಕೂಡ ನನಗೋಸ್ಕರ ಹೀಗೆ ಮಾಡುತ್ತಿದ್ದಳೋ ಇಲ್ಲವೋ ಎಂಬ ಯೋಚನೆಗೆ ಇನ್ನಷ್ಟು ಅಳು ಬಂತು. ಅವರೂ ಪಕ್ಕದಲ್ಲಿ ಕೂತು, "ಸುಮ್ನಿರೆ, ಕೆಳಗಡೆ ಪದ್ಮಮ್ಮಂಗೆ ಕೇಳುತ್ತೆ" ಎಂದು ನನ್ನ ಬೆನ್ನು ಸವರಿದರು. ಆ ಕೈ ಎಷ್ಟು ಹಗುರವಾಗಿತ್ತು ಎಂದರೆ ನನಗೆ ಭಯವಾಯಿತು.

ಮಾರನೆಯ ದಿನ ಮಹೇಶ ರಜೆ ಹಾಕಿ ನಮ್ಮಿಬ್ಬರನ್ನೂ ಆಟೋದಲ್ಲಿ ಜಯನಗರಕ್ಕೆ ಕರೆದುಕೊಂಡು ಹೋದ. ಡಾಕ್ಟರ್ ಮೇಡಂ ಅತ್ತೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಸ್ಕ್ಯಾನ್ ಮಾಡಿಸಿದರು. ಹೃದಯ ದಣಿದಿದೆ, ಇನ್ನೂ ಸ್ವಲ್ಪ ದಿನ ಹೀಗೆ ಬಿಟ್ಟಿದ್ದರೆ ಕೈಮೀರಿ ಹೋಗುತ್ತಿತ್ತು ಎಂದರು. ಉಪವಾಸದ ಕಥೆ ಕೇಳಿ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಅತ್ತೆಯ ಕೈ ಹಿಡಿದುಕೊಂಡರು.

"ಅಜ್ಜಿ, ನೀವು ಬಂದು ನನ್ನನ್ನ ಕೇಳಬಹುದಿತ್ತಲ್ವಾ? ನಿಮ್ ಮಾತ್ರೆಗಳೆಲ್ಲ ಜೆನೆರಿಕ್‌ನಲ್ಲಿ ಸಿಗುತ್ತೆ. ಅದೇ ಔಷಧಿ, ಬ್ರ್ಯಾಂಡ್ ಹೆಸರಿರಲ್ಲ ಅಷ್ಟೆ. ಬೆಲೆ ತುಂಬಾ ಕಮ್ಮಿ. ಗಿರಿಜಾದು ಮಾತ್ರ ಅಲ್ಲಿ ಇನ್ನೂ ಬಂದಿಲ್ಲ, ನೋಡೋಣ, ಬಂದಾಗ ಹೇಳ್ತೀನಿ."

"ಗೊತ್ತಿರ್ಲಿಲ್ಲ ಕಣಮ್ಮ" ಎಂದರು ಅತ್ತೆ. ನಮಗೂ ಗೊತ್ತಿರಲಿಲ್ಲ. ಕೇಳಬಹುದು ಎಂಬುದೇ ನಮಗೆ ಹೊಳೆದಿರಲಿಲ್ಲ. ಡಾಕ್ಟರ್ ಎದುರು ದುಡ್ಡಿನ ಮಾತೆತ್ತಿದರೆ ಅವರಿಗೆ ಅವಮಾನವೇನೋ ಎಂದುಕೊಂಡು ಸುಮ್ಮನಿರುವ ಮನೆ ನಮ್ಮದು. ಜೆ.ಪಿ. ನಗರದ ಒಂದು ಜೆನೆರಿಕ್ ಅಂಗಡಿಯಲ್ಲಿ ಮಹೇಶ ಅತ್ತೆಯ ಮಾತ್ರೆಗಳನ್ನು ತಂದ. ಅವತ್ತು ಅವನ ಮುಖ ನೋಡಬೇಕಿತ್ತು.

ಎಲ್ಲಾ ಸರಿಹೋಯಿತು ಎಂದುಕೊಂಡೆವು. ಎಲ್ಲಿ ಸರಿಹೋಗುತ್ತೆ? ಸೋಮವಾರ ಬಂತು, ಕಾರ್ತಿಕ ಸೋಮವಾರ ಬೇರೆ. ಅತ್ತೆ ತಿಂಡಿಯ ತಟ್ಟೆಯನ್ನು ಸರಿಸಿದರು.

"ಡಾಕ್ಟ್ರಮ್ಮ ಹೇಳಿದ್ದು ಸರಿ. ಆದ್ರೆ ಶಿವನಿಗೆ ಕೊಟ್ಟ ಮಾತನ್ನ ಡಾಕ್ಟ್ರಮ್ಮ ಹೆಂಗೆ ವಾಪಸ್ ತಗೊಳ್ತಾರೆ? ಇವತ್ತು ಏನೂ ಬೇಡ."

"ಮಾತ್ರೆ ಒಂದಾದ್ರೂ ತಗೊಳ್ಳಮ್ಮ" ಎಂದ ಮಹೇಶ.

"ಬೇಡ ಅಂದ್ನಲ್ಲ. ಸುಳ್ಳು ಅಂತ ಅವಳೇ ಅಂದ್ಲು. ಈಗ ನಿಜವಾಗ್ಲೂ ಮಾಡ್ತೀನಿ."

ನನ್ನ ಬಾಯಿಂದ ಬಿದ್ದ ಒಂದು ಮಾತಿಗೆ ಹಟ ಹಿಡಿದಿದ್ದರು. ಮಹೇಶ ಗದರಿದ, ಬೇಡಿಕೊಂಡ. ಜಗ್ಗಲಿಲ್ಲ. ಆ ಸೋಮವಾರ ಹಾಗೇ ಹೋಯಿತು. ರಾತ್ರಿ ದಿಂಬಿಗೆ ದಿಂಬು ಸೇರಿಸಿ ಒರಗಿಕೊಂಡರೂ ಅವರಿಗೆ ಉಸಿರು ಸರಾಗ ಇರಲಿಲ್ಲ.

ಶುಕ್ರವಾರ ಮತ್ತೆ ಉಪವಾಸ. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಪೂಜೆಯ ಜಾಗ ಒರೆಸುತ್ತಿದ್ದೆ. ಪುಟ್ಟ ಸ್ಟೀಲ್ ತಟ್ಟೆ ಕೈಗೆ ಬಂತು. ಅದರಲ್ಲಿ ಎರಡು ಒಣದ್ರಾಕ್ಷಿ. ಉಪವಾಸ ನಮಗೆ, ಪ್ರಸಾದಕ್ಕಲ್ಲ ಎಂದು ಅವರು ಎಂದೋ ಹೇಳಿದ್ದು ನೆನಪಾಯಿತು. ಓಡಿಹೋಗಿ ಮಾತ್ರೆಯ ಡಬ್ಬಿ ತಂದೆ. ಹಾರ್ಟಿನದು, ಬಿಪಿಯದು, ನೀರಿನದು. ಡಾಕ್ಟರ್ ಹೇಳಿದ ಹಾಗೆ ಶುಗರಿನದನ್ನು ಊಟಕ್ಕೆಂದು ಬಿಟ್ಟು, ಉಳಿದವನ್ನು ದ್ರಾಕ್ಷಿಯ ಪಕ್ಕ ಇಟ್ಟು, ಮೇಲೊಂದು ಬಿಲ್ವಪತ್ರೆ ಮುಚ್ಚಿದೆ.

ಅತ್ತೆ ಬಂದು ಕೂತರು. ಅಂಗೈಯ ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಕಣ್ಣು ಮುಚ್ಚಿ, ತಟ್ಟೆಯನ್ನು ಎತ್ತಿ ತೋರಿಸಿದರು. ಕಣ್ಣು ಬಿಟ್ಟು ಪತ್ರೆ ಸರಿಸಿದರು. ನಾನು ಬಾಗಿಲ ಪಕ್ಕ ನಿಂತಿದ್ದೆ.

"ಏನೇ ಇದು?"

"ನೈವೇದ್ಯ."

"ಮಾತ್ರೆ ನೈವೇದ್ಯನಾ?"

"ನೀವೇ ತೋರಿಸಿದ್ರಲ್ಲ ಅತ್ತೆ, ಶಿವ ನೋಡಿಯಾಯ್ತು. ಈಗದು ಪ್ರಸಾದ. ಬೇಡ ಅಂತೀರಾ?"

ಅವರು ತಟ್ಟೆಯನ್ನೇ ನೋಡುತ್ತಾ ಕೂತರು. ಒಂದು ಸಲ ಲಿಂಗವನ್ನು ನೋಡಿದರು, ಒಂದು ಸಲ ನನ್ನನ್ನು. ಸಿಟ್ಟಾಗುತ್ತಾರೆ, ಪೂಜೆ ಕೆಡಿಸಿದೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರ ಭುಜ ಕುಲುಕತೊಡಗಿತು. ನಗು! ಸದ್ದಿಲ್ಲದ ನಗು. ಕಣ್ಣಿನ ನೀರು ವಿಭೂತಿ ಉದುರಿದ ಕೆನ್ನೆಯ ಮೇಲೆ ಗೆರೆ ಎಳೆಯುತ್ತಾ ಇಳಿಯಿತು.

"ಕಳ್ಳಿ" ಎಂದರು. "ಶಿವನನ್ನೂ ನಿನ್ ಕಡೆ ಮಾಡ್ಕೊಂಡ್ಯಲ್ಲೇ."

ಒಂದೊಂದಾಗಿ ನುಂಗಿದರು. ದ್ರಾಕ್ಷಿ ತಿಂದರು. ಅಭ್ಯಾಸದಂತೆ ತಟ್ಟೆಗೆ ನೀರು ಹೊಯ್ದು, ಬೆರಳಿನಿಂದ ತೊಳೆದು, ಕುಡಿದರು. ಆಮೇಲೆ ಅವರೇ, "ಇಷ್ಟೊಂದು ಪ್ರಸಾದ ಆದ್ಮೇಲೆ ಬರೀ ಹೊಟ್ಟೇಲಿ ಇರ್ಬಾರ್ದೇನೋ" ಎಂದರು. ನಾನು ಕೇಳಿದ್ದೇ ತಡ, ಅಕ್ಕಿರೊಟ್ಟಿ ತಟ್ಟಲು ಓಡಿದೆ. ಶಿವನಿಗೆ ಕೊಟ್ಟ ಮಾತು ಇಂದಿಗೂ ನಡೆಯುತ್ತಿದೆ. ಸೋಮವಾರ ಅನ್ನ ಮುಟ್ಟುವುದಿಲ್ಲ. ಅಕ್ಕಿರೊಟ್ಟಿ ಅನ್ನದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರೇ ತೀರ್ಪು ಕೊಟ್ಟಿದ್ದಾರೆ. ಏಕಾದಶಿಯನ್ನು ಪದ್ಮಾ ಆಂಟಿಗೆ ಮರಳಿಸಿದ್ದಾರೆ.

ಆ ವರ್ಷದ ಕೊನೆಗೆ ಪಾದದ ಊತ ಇಳಿಯಿತು. ಸಂಕ್ರಾಂತಿಯ ಹೊತ್ತಿಗೆ ಹಸಿರು ಬ್ಲೌಸ್ ಸರಿಯಾಗಿ ಕೂತಿತು. ನಾನು ಅದರ ಒಂದು ಹೊಲಿಗೆಯನ್ನೂ ಬಿಚ್ಚಿರಲಿಲ್ಲ.

ಬೆಲೆಗಳು ಏರುವುದನ್ನು ಬಿಟ್ಟಿಲ್ಲ. ನನ್ನ ಮಾತ್ರೆ ಈಗ ಬೇರೆ ಕಂಪನಿಯದು ಬಂದು ಕೊಂಚ ಇಳಿದಿದೆ, ಆದರೂ ತಿಂಗಳ ಮೊದಲ ವಾರ ಮನೆಯಲ್ಲಿ ಮಾತು ಕಡಿಮೆ. ಆದರೆ ಏನೇ ಇದ್ದರೂ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ, ಡಾಕ್ಟರನ್ನು ಬಾಯಿಬಿಟ್ಟು ಕೇಳುತ್ತೇವೆ. ಎಚ್ಚರಿಸಿದ ಪದ್ಮಾ ಆಂಟಿ, ಅರ್ಧ ಮಾತ್ರೆಯ ನಿಜ ಹೇಳಿದ ಮಂಜಣ್ಣ, ಕೈ ಹಿಡಿದು ಮಾತಾಡಿದ ಡಾಕ್ಟರ್ ಮೇಡಂ, ಎಲ್ಲರ ಋಣವೂ ನನ್ನ ಮೇಲಿದೆ. ಅತ್ತೆಯ ಋಣ ತೀರಿಸುತ್ತೇನೆ ಎನ್ನುವ ಧೈರ್ಯ ಮಾತ್ರ ನನಗಿಲ್ಲ.

ಕಳೆದ ವಾರ ಜಯನಗರದಿಂದ ಮನೆಗೆ ಬಂದವಳೇ, "ಅತ್ತೆ, ದಾರೀಲಿ ಸಬ್ಬಕ್ಕಿ ವಾಸ್ನೆ ಬಂತು" ಎಂದೆ.

"ಥೂ, ಆ ವರ್ಷ ತಿಂದಿದ್ದೇ ಇನ್ನೂ ಅರಗಿಲ್ಲ" ಎಂದರು.

ಮಾರನೆಯ ಬೆಳಿಗ್ಗೆ ಪೂಜೆಗೆ ಕೂತರು. ಈಗ ಅವರ ಬೆರಳುಗಳು ನಡುಗುತ್ತವೆ, ಸ್ಟ್ರಿಪ್ಪಿನಿಂದ ಮಾತ್ರೆ ತೆಗೆಯಲು ಆಗುವುದಿಲ್ಲ. ನಾನು ಪಕ್ಕದಲ್ಲಿ ಕೂತು ಅವರದನ್ನೂ ನನ್ನದನ್ನೂ ಒಂದೊಂದಾಗಿ ಒತ್ತಿ ತೆಗೆದು ಅದೇ ತಟ್ಟೆಯಲ್ಲಿಟ್ಟೆ. ಅತ್ತೆ ಲಿಂಗಕ್ಕೆ ತೋರಿಸಿ, ತಮ್ಮದನ್ನು ತೆಗೆದುಕೊಂಡು, ನನ್ನದನ್ನು ನನ್ನ ಅಂಗೈ ಮೇಲೆ ಇಟ್ಟರು. ಆಮೇಲೆ ತಟ್ಟೆಗೆ ನೀರು ಹೊಯ್ದು ತೊಳೆದು, ಅರ್ಧ ಕುಡಿದು, ಇನ್ನರ್ಧವನ್ನು ನನಗೆ ಕೊಟ್ಟರು.